ಉರುಮೆಯ ಸೀಮೆಯಲ್ಲಿ ವಿದ್ಯುತ್ತಿನ ಮದ್ದಳೆ

ಚರ್ಮವಾದ್ಯಗಳಲ್ಲಿ ಉರುಮೆಯಷ್ಟು ವಿಲಕ್ಷಣವಾದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮಿಕ್ಕ ವಾದ್ಯಗಳೆಲ್ಲ ಪೆಟ್ಟು ಬಿದ್ದಾಗ ನುಡಿದು, ಪೆಟ್ಟಿನ ಕಸುವು ತೀರಿದೊಡನೆ ಮೌನವನ್ನು ತಾಳುವುವಾದರೆ, ಉರುಮೆಯಾದರೋ ಪೆಟ್ಟೇ ಇಲ್ಲದೆ, ಬಾಗಿದ ಕೋಲೊಂದರ ಉಜ್ಜುವಿಕೆಯ ಮಾತ್ರದಿಂದಲೇ, ಕೇಳುವವನ ಎದೆಯನ್ನು ನಡುಗಿಸುವಂಥ ದೀರ್ಘವಾದ ನರಳು ದನಿಯನ್ನು ಹೊರಡಿಸುತ್ತದೆ. ನಮ್ಮ ಚಿತ್ರದುರ್ಗದ ಕಡೆಯ ದೇವರ ಉತ್ಸವಗಳಲ್ಲಿ ಈ ವಾದ್ಯವನ್ನು ಕೇಳಿದವರು ಅದನ್ನು ಮರೆಯಲಾರರು. ತಮಿಳುನಾಡಿನ ತೇಣಿ ಜಿಲ್ಲೆಯಲ್ಲಂತೂ ಅದು ಇಂದಿಗೂ ಊರಿನ ಉಸಿರಿನೊಡನೆ ಬೆರೆತುಕೊಂಡೇ ಇದೆ.

ಪಶ್ಚಿಮಘಟ್ಟಗಳು ಇಳಿದಿಳಿದು ಬಯಲಾಗುವ ಅಂಚಿನಲ್ಲಿ, ಏಲಕ್ಕಿಯ ಹರಾಜಿಗೆ ಹೆಸರಾಂತ ಬೋಡಿನಾಯಕನೂರೂ (ಜನರ ಬಾಯಲ್ಲಿ ಬೋಡಿ), ಅದರ ದಕ್ಷಿಣಕ್ಕೆ ಚಾಚಿಕೊಂಡ ಕಂಬಂ ಕಣಿವೆಯೂ ಇವೆ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗ ಕುಟುಂಬಗಳು ಈ ಸೀಮೆಯಲ್ಲಿ ಅನೇಕ ತಲೆಮಾರುಗಳಿಂದ ನೆಲೆಸಿವೆ. ಕಾಪಿಲಿಯರೆಂಬ ಹೆಸರಿನಿಂದ ಇವರನ್ನು ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಬರೆದಿದ್ದಾನೆ, ಮತ್ತು ಕಂಬಂ ಊರಿನಲ್ಲಿ ಇವರು ದೇವರ ಹಸುಗಳ ಮಂದೆಯೊಂದನ್ನು ಸಾಕಿಕೊಂಡು ಬಂದಿರುವ ಸಂಪ್ರದಾಯ ಇಂದಿಗೂ ಪ್ರಸಿದ್ಧವಾಗಿದೆ. ತೇಣಿಯ ಸಮೀಪದ ವೀರಪಾಂಡಿಯಲ್ಲಿ ಚಿತ್ತಿರೈ ಮಾಸದಲ್ಲಿ ನಡೆಯುವ ಗೌಮಾರಿಯಮ್ಮನ ಉತ್ಸವಕ್ಕೆ ಕಣಿವೆಯ ಊರೂರುಗಳಿಂದ ಜನ ಬೆಂಕಿಚಟ್ಟಿಗಳನ್ನು ಹೊತ್ತು ಬರುವಾಗ, ಅವರ ಮುಂದೆ ಉರುಮೆಯೂ ನಮ್ಮ ತಮಟೆಯ ಒಡಹುಟ್ಟಿನದಾದ ಪರೆಯೂ ಮೊಳಗುತ್ತವೆ. ಬೋಡಿಯಿಂದ ತೇವಾರದ ಮಾರ್ಗವಾಗಿ ಕೋಂಬೈ ಕಡೆಗೆ ಸಾಗಿದರೆ ಪಣ್ಣೈಪುರವೆಂಬ ಗ್ರಾಮ ಸಿಕ್ಕುತ್ತದೆ. ದಕ್ಷಿಣ ಭಾರತದ ಚಲನಚಿತ್ರ ಸಂಗೀತದ ದಿಕ್ಕನ್ನೇ ತಿರುಗಿಸಿದ ಇಳಯರಾಜರು 1943ರಲ್ಲಿ ಜನಿಸಿದುದು ಅಲ್ಲಿಯೇ.

ಇಂಥ ಸೀಮೆಯ ಹಿನ್ನೆಲೆಯಲ್ಲಿ ವಿದ್ಯುನ್ಮಾನ ತಾಳವಾದ್ಯಗಳ ಧ್ವನಿಯನ್ನು ಹೇಗೆ ರೂಪಿಸುತ್ತಾರೆಂಬ ವಿಷಯವನ್ನು ವಿವರಿಸಹೊರಟಿರುವುದಕ್ಕೆ ಕಾರಣವುಂಟು. ಇಂದು ಮದುವೆಯ ಮನೆಯಲ್ಲಿಯೂ, ಬಸ್ಸಿನಲ್ಲಿಯೂ, ಕೈಯ ಫೋನಿನಲ್ಲಿಯೂ ನಾವು ಕೇಳತಕ್ಕ ತಾಳದ ಬಹುಭಾಗ ಯಾವ ತೊಗಲಿನ ಮೇಲೂ ಹುಟ್ಟಿದುದಲ್ಲ. ವಿದ್ಯುತ್ತಿನ ಅಲೆಗಳನ್ನು ಫಿಲ್ಟರ್ ಎಂಬ ಸಾಧನದಿಂದ ಶೋಧಿಸಿ, ಡಿಸ್ಟಾರ್ಷನ್ ಎಂಬ ಕ್ರಿಯೆಯಿಂದ ಬುದ್ಧಿಪೂರ್ವಕವಾಗಿ ವಿಕೃತಗೊಳಿಸಿ ಸಿದ್ಧಪಡಿಸಿದುದು. ಇದನ್ನು ಕೇಳಿದೊಡನೆ, ಇದೆಲ್ಲ ಯಂತ್ರದ ಕೃತಕ ಚಮತ್ಕಾರ, ನಮ್ಮ ವಾದ್ಯಪರಂಪರೆಗೂ ಇದಕ್ಕೂ ಸಂಬಂಧವಿಲ್ಲ, ಎಂದು ತಳ್ಳಿಹಾಕುವ ಸಜ್ಜನರು ಅನೇಕರಿದ್ದಾರೆ. ಆದರೆ ಶೋಧನೆ, ವಿಕೃತಿ ಈ ಎರಡೂ ತೊಗಲಿನ ವಾದ್ಯದಲ್ಲಿ ಮೊದಲಿನಿಂದಲೂ ಅಂತರ್ಗತವಾಗಿದ್ದ ಗುಣಗಳೆಂಬುದೂ, ಯಂತ್ರ ಮಾಡಿದ್ದು ಅವುಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಒಂದು ತಿರುಪನ್ನು ಇಟ್ಟುಕೊಟ್ಟದ್ದು ಮಾತ್ರವೆಂಬುದೂ ನನ್ನ ದೃಢವಾದ ನಂಬಿಕೆ.

ಮೊದಲು ಪೆಟ್ಟನ್ನೇ ವಿಚಾರಿಸೋಣ. ಕೋಲು ತೊಗಲನ್ನು ಮುಟ್ಟಿ ಬಿಡುವ ಕಾಲ ಅತ್ಯಲ್ಪ, ಸೆಕೆಂಡಿನ ಸಾವಿರದ ಕೆಲವೇ ಅಂಶಗಳಷ್ಟು. ಇಷ್ಟು ಕಿರಿದಾದ ತಾಡನದಲ್ಲಿ ತಗ್ಗಿನ ಆವೃತ್ತಿಗಳಿಂದ ಹಿಡಿದು ಹೆಚ್ಚಿನ ಆವೃತ್ತಿಗಳವರೆಗೆ ಎಲ್ಲವೂ ಹೆಚ್ಚುಕಡಮೆ ಏಕಕಾಲದಲ್ಲಿ ಅಡಕವಾಗಿರುತ್ತವೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಆ ಸಮೂಹದಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡು ಬೆಳೆಸಿ, ಉಳಿದುವನ್ನು ಅಡಗಿಸಿಬಿಡುವುದು ಬಿಗಿದ ತೊಗಲಿನ ಕಾರ್ಯ. ಅಂದಮೇಲೆ ತೊಗಲೆಂಬುದೇ ಒಂದು ಫಿಲ್ಟರ್. ಬಡಿಯುವವನು ಅದಕ್ಕೆ ಎಲ್ಲವನ್ನೂ ಒಪ್ಪಿಸುತ್ತಾನೆ, ಅದು ತನಗೆ ಬೇಕಾದುದನ್ನು ಇಟ್ಟುಕೊಳ್ಳುತ್ತದೆ. ಬೆಂಕಿಯ ಮುಂದೆ ಹಿಡಿದು ತಮಟೆಯನ್ನು ಕಾಯಿಸುವವನು ಮಾಡುವುದೂ ಈ ಆಯ್ಕೆಯ ಸ್ಥಾನವನ್ನು ಮೇಲಕ್ಕೇರಿಸುವ ಕೆಲಸವನ್ನೇ.

ವೃತ್ತಾಕಾರವಾಗಿ ಬಿಗಿದ ಸಾಧಾರಣವಾದ ತೊಗಲು ಆರಿಸಿಕೊಳ್ಳುವ ಆವೃತ್ತಿಗಳಾದರೋ ಒಂದಕ್ಕೊಂದು ಹೊಂದುವಂಥವಲ್ಲ. ಮೂಲದ ಆವೃತ್ತಿಯನ್ನು 1 ಎಂದಿಟ್ಟುಕೊಂಡರೆ ಮೇಲಿನವು 1.59, 2.14, 2.30, 2.65 ಹೀಗೆ ಭಿನ್ನರಾಶಿಗಳಲ್ಲಿ ಏರುತ್ತವೆ. ತಂತಿಯಲ್ಲಿ ಕಾಣುವಂತೆ 2, 3, 4 ಎಂಬ ಪೂರ್ಣಾಂಕಗಳ ಸೌಹಾರ್ದ ಇಲ್ಲಿಲ್ಲ; ಆದುದರಿಂದಲೇ ಬಹುಪಾಲು ತಾಳವಾದ್ಯಗಳಿಗೆ ಶಬ್ದವುಂಟು, ಶ್ರುತಿಯಿಲ್ಲ. ಈ ನಿಯಮವನ್ನು ಮೀರಿದುದು ನಮ್ಮ ಮೃದಂಗ. ಸರ್ ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರ ನೇಚರ್ ಪತ್ರಿಕೆಯಲ್ಲಿ ಈ ವಿಷಯವಾಗಿ ಬರೆದು, ತರುವಾಯ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ 1934ರಲ್ಲಿ ತಾವೇ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಡವಳಿಗಳಲ್ಲಿ ಅದನ್ನು ವಿಸ್ತರಿಸಿ, ಬಲಗಡೆಯ ಮುಚ್ಚಿಗೆಯ ನಡುವೆ ಪದರಪದರವಾಗಿ ಮೆತ್ತುವ ಕಪ್ಪು ಕರಣೆಯ ಭಾರದಿಂದ ಆ ಹೊಂದದ ಆವೃತ್ತಿಗಳು ಸ್ಥಾನಪಲ್ಲಟಗೊಂಡು, ಒಂಬತ್ತು ಬಗೆಯ ಕಂಪನಗಳು ಐದು ಸುಸಂಗತವಾದ ಸ್ವರಗಳಾಗಿ ಒಂದುಗೂಡುತ್ತವೆಂದು ತೋರಿಸಿಕೊಟ್ಟರು. ಗಣಿತವನ್ನರಿಯದ ಕುಶಲಕರ್ಮಿಗಳು, ಅನ್ನವನ್ನೂ ಕಲ್ಲಿನ ಕರಿಯ ಪುಡಿಯನ್ನೂ ಅರೆದು ಉಜ್ಜಿ, ಕಿವಿಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಸಾಧಿಸಿದ ಈ ಶೋಧನೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಇಮ್ಮಡಿಯಾಗುತ್ತದೆ.

ಮೃದಂಗ ಶೋಧನೆಯ ಪರಾಕಾಷ್ಠೆಯಾದರೆ ಉರುಮೆ ವಿಕೃತಿಯ ಪರಾಕಾಷ್ಠೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಡು ಸಣ್ಣಗಿರುವ ಒಡಲಿನ ಎರಡು ಕಡೆಯೂ ತೊಗಲನ್ನು ಬಿಗಿದಿರುತ್ತಾರೆ. ಒಂದು ಮುಖದ ಮೇಲೆ ತೆಳುವಾದ ನೆಟ್ಟಗಿನ ಕಡ್ಡಿಯ ಪೆಟ್ಟು, ಇನ್ನೊಂದು ಮುಖದ ಮೇಲೆ ಬಾಗಿದ ಕೋಲಿನ ಉಜ್ಜು. ಕೋಲು ಒತ್ತಿಕೊಂಡು ಜರುಗುವಾಗ ತೊಗಲು ಅದಕ್ಕೆ ಕ್ಷಣಕಾಲ ಅಂಟಿಕೊಂಡು ಜೊತೆಯಲ್ಲಿಯೇ ಎಳೆಯಲ್ಪಡುತ್ತದೆ, ಎಳೆತ ಮಿತಿಮೀರಿದಾಗ ಫಕ್ಕನೆ ಕಳಚಿಕೊಂಡು ಹಿಂದಕ್ಕೆ ಹಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ಅನೇಕ ಬಾರಿ ನಡೆಯುವ ಈ ಹಿಡಿತ ಬಿಡಿತಗಳಿಂದ ಹುಟ್ಟುವ ಅಲೆ ನುಣ್ಣನೆಯದಲ್ಲ, ಗರಗಸದ ಹಲ್ಲಿನಂತೆ ಒಂದು ಕಡೆ ಓರೆಯಾಗಿ ಏರಿ ಇನ್ನೊಂದು ಕಡೆ ಕಡಿದಾಗಿ ಬೀಳತಕ್ಕುದು. ಕೊಟ್ಟ ಬಲಕ್ಕೆ ಸರಿಸಮನಾದ ಚಲನೆ ದೊರೆಯದೆ, ಒಂದು ಮಿತಿಯ ತರುವಾಯ ಚಲನೆಯ ಸ್ವರೂಪವೇ ಬದಲಾಗುವ ಇಂಥ ವ್ಯಾಪಾರವನ್ನೇ ವಿದ್ಯುತ್ತಿನ ಲೋಕದಲ್ಲಿ ಡಿಸ್ಟಾರ್ಷನ್ ಎನ್ನುತ್ತಾರೆ. ಉರುಮೆಯ ನರಳಿನಲ್ಲಿ ನಮ್ಮನ್ನು ಕಲಕುವ ಆ ಒರಟು ಆಕಸ್ಮಿಕವಾಗಿ ಸೇರಿದ ದೋಷವಲ್ಲ. ಅದನ್ನು ಕಳೆದರೆ ಉರುಮೆಯೇ ಉಳಿಯದು.

ಇನ್ನು ಯಂತ್ರದ ಕಡೆಗೆ ಬರೋಣ. ಜಪಾನಿನ ರೋಲಂಡ್ ಸಂಸ್ಥೆ 1980ರಲ್ಲಿ ಹೊರತಂದು 1983ರಲ್ಲಿ ನಿಲ್ಲಿಸಿಬಿಟ್ಟ ಟಿಆರ್-808 ಎಂಬ ತಾಳಯಂತ್ರ, ತಯಾರಾದುದು ಸುಮಾರು 12,000 ಮಾತ್ರವಾದರೂ, ಇಂದಿನ ಜಗತ್ತಿನ ಜನಪ್ರಿಯ ಸಂಗೀತದ ಮೇಲೆ ಅಳಿಯದ ಮುದ್ರೆಯನ್ನೊತ್ತಿದೆ. ಅದರೊಳಗೆ ಧ್ವನಿಮುದ್ರಿಸಿಟ್ಟ ಯಾವ ವಾದ್ಯವೂ ಇಲ್ಲ. ಪ್ರತಿಯೊಂದು ದನಿಯೂ ಬಿಡಿ ವಿದ್ಯುದಂಗಗಳಿಂದ ಆ ಕ್ಷಣಕ್ಕೆ ಹುಟ್ಟುವಂಥದು. ಅದರ ದಪ್ಪನೆಯ ಕೆಳದನಿ, ಸಂಗೀತಗಾರರು ಕಿಕ್ ಎಂದು ಕರೆಯುವುದು, ಹುಟ್ಟುವ ಪರಿಯನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ಒಂದು ಫಿಲ್ಟರನ್ನು, ಇನ್ನು ಸ್ವಲ್ಪ ಮುಂದೆ ಹೋದರೆ ತಾನೇ ತಾನಾಗಿ ನುಡಿಯತೊಡಗುವುದೆಂಬ ಅಂಚಿನವರೆಗೆ ತಂದು ನಿಲ್ಲಿಸಿರುತ್ತಾರೆ. ಅದಕ್ಕೆ ಸೆಕೆಂಡಿನ ಸಾವಿರದ ಒಂದಂಶದಷ್ಟು ಅವಧಿಯ ವಿದ್ಯುತ್ತಿನ ಪೆಟ್ಟೊಂದನ್ನು ಕೊಡುತ್ತಾರೆ. ಫಿಲ್ಟರು ಕಂಪಿಸಿ, ಮೊದಲ ಗಳಿಗೆಯಲ್ಲಿ ತುಸು ಮೇಲಿನ ಸ್ಥಾಯಿಯಲ್ಲಿ ನುಡಿದು, ಕೂಡಲೇ ಸುಮಾರು 50 ಹರ್ಟ್ಝ್ ಆವೃತ್ತಿಗೆ ಇಳಿದು, ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಪೆಟ್ಟಿನಲ್ಲಿ ಎಲ್ಲವೂ ಇತ್ತು, ಫಿಲ್ಟರು ಒಂದನ್ನು ಆರಿಸಿಕೊಂಡಿತು. ತೊಗಲಿನ ವೃತ್ತಾಂತವನ್ನು ಹೇಳುವಾಗ ಯಾವ ಮಾತುಗಳನ್ನು ಆಡಿದೆನೋ ಅವೇ ಇಲ್ಲಿಗೂ ಸಲ್ಲುತ್ತವೆ.

ಅದೇ ಯಂತ್ರದ ಬೇರೆ ಕೆಲವು ದನಿಗಳು ಇನ್ನೊಂದು ಬಗೆಯವು. ಕಂಚಿನ ತಟ್ಟೆಯ ಝಲ್ಲೆಂಬ ಸದ್ದಿಗಾಗಿ, ಒಂದಕ್ಕೊಂದು ಶ್ರುತಿ ಸೇರದ ಆರು ಚೌಕದಲೆಗಳನ್ನು ಒಟ್ಟಿಗೆ ಕೂಡಿಸಿ ಗದ್ದಲವೆಬ್ಬಿಸಿ, ಆ ಗದ್ದಲದ ಕೆಳಭಾಗವನ್ನೆಲ್ಲ ಫಿಲ್ಟರುಗಳಿಂದ ಕತ್ತರಿಸಿ ಮೇಲಿನ ಮಿನುಗನ್ನಷ್ಟೇ ಹೊರಕ್ಕೆ ಬಿಡುತ್ತಾರೆ. ಚಪ್ಪಾಳೆಯ ದನಿಯಾದರೋ ಬರಿಯ ಸುಯ್ಯೆನ್ನುವ ರವ; ಅದನ್ನು 1,000 ಹರ್ಟ್ಝ್ ಸುಮಾರಿನ ಒಂದು ಪಟ್ಟಿಗೆ ಸೀಮಿತಗೊಳಿಸಿ, ಅತಿ ಹತ್ತಿರ ಹತ್ತಿರವಾಗಿ ಕೆಲವು ಬಾರಿ ತೆರೆದು ಮುಚ್ಚಿದರೆ, ಹಲವರು ಸೇರಿ ಕೈತಟ್ಟಿದ ಭ್ರಮೆಯುಂಟಾಗುತ್ತದೆ. ಸಂಸ್ಥೆಯ ಸ್ಥಾಪಕನಾದ ಇಕುತಾರೊ ಕಾಕೆಹಾಶಿ, ಆ ಯಂತ್ರದ ವಿಶಿಷ್ಟವಾದ ಸಿಡುಕು ದನಿಗಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಗದ ದೋಷಯುಕ್ತ ಟ್ರಾನ್ಸಿಸ್ಟರುಗಳನ್ನೇ ಹುಡುಕಿ ಕೊಂಡದ್ದಾಗಿಯೂ, ಅಂಥವು ದೊರೆಯದೆ ಹೋದುದರಿಂದಲೇ ತಯಾರಿಕೆ ನಿಂತಿತೆಂದೂ ಹೇಳಿದ್ದಾನೆ.

ಫಿಲ್ಟರಿನ ಸ್ವಭಾವವನ್ನು ತಿಳಿಯಲು ಬೋಡಿಯವರಿಗೆ ದೂರ ಹೋಗಬೇಕಾಗಿಲ್ಲ. ಅಲ್ಲಿ ಏಲಕ್ಕಿಯನ್ನು ಜರಡಿಯಾಡಿಸಿ ಗಾತ್ರವಾರು ಬೇರ್ಪಡಿಸುತ್ತಾರೆ. 8 ಮಿಲಿಮೀಟರಿನ ಕಣ್ಣಿನಲ್ಲಿ ತೂರದ ಕಾಯಿ ಮೇಲೆ ಉಳಿಯುತ್ತದೆ, ತೂರಿದುದು ಕೆಳಗೆ ಬೀಳುತ್ತದೆ. ಧ್ವನಿಯ ಫಿಲ್ಟರಿಗೂ ಅಂಥದೊಂದು ಅಳತೆ ಉಂಟು, ಅದನ್ನು ಕಟ್‌ಆಫ್ ಎನ್ನುತ್ತಾರೆ. ತಗ್ಗಿನ ದನಿಗಳನ್ನು ಬಿಟ್ಟು ಹೆಚ್ಚಿನವನ್ನು ತಡೆಯುವುದು ಲೋ ಪಾಸ್. ಇದಕ್ಕೆ ವಿಪರ್ಯಯವಾದುದು ಹೈ ಪಾಸ್. ನಡುವಿನ ಪಟ್ಟಿಯೊಂದನ್ನೇ ಬಿಡುವುದು ಬ್ಯಾಂಡ್ ಪಾಸ್. ಆದರೆ ಜರಡಿಯ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಜರಡಿ ನಿರ್ದಾಕ್ಷಿಣ್ಯವಾದುದು, ಫಿಲ್ಟರಾದರೋ ಗೆರೆಯನ್ನು ದಾಟಿದ ದನಿಯನ್ನು ಒಮ್ಮೆಗೇ ನಿರಾಕರಿಸದೆ, ದೂರ ಹೋದಷ್ಟೂ ಹೆಚ್ಚುಹೆಚ್ಚಾಗಿ ತಗ್ಗಿಸುತ್ತ ಹೋಗುತ್ತದೆ. ಸರಳವಾದ ಫಿಲ್ಟರಿನಲ್ಲಿ ಈ ಇಳಿಜಾರು ಸ್ಥಾಯಿಯೊಂದಕ್ಕೆ 6 ಡೆಸಿಬಲ್. ಎರಡನ್ನು ಜೋಡಿಸಿದರೆ 12. ಅಮೆರಿಕದ ರಾಬರ್ಟ್ ಮೂಗ್ ರಚಿಸಿ 1969ರಲ್ಲಿ ಹಕ್ಕುಪತ್ರ ಪಡೆದ, ಏಣಿಯ ಆಕೃತಿಯ ಪ್ರಖ್ಯಾತ ಫಿಲ್ಟರಿನಲ್ಲಿ 24.

ಇಳಿಜಾರಿಗಿಂತ ಮಹತ್ತ್ವದ್ದು ರೆಸೊನೆನ್ಸ್ ಎಂಬ ಅನುರಣನ. ಫಿಲ್ಟರಿನಿಂದ ಹೊರಬಂದುದರ ಒಂದಂಶವನ್ನು ಹಿಂತಿರುಗಿ ಒಳಕ್ಕೆ ಕಳುಹಿಸಿದರೆ, ಕಟ್‌ಆಫ್ ಗೆರೆಯ ಸುತ್ತಲಿನ ಆವೃತ್ತಿಗಳು ಉಬ್ಬಿಕೊಳ್ಳುತ್ತವೆ. ಇನ್ನೂ ಹೆಚ್ಚು ಕಳುಹಿಸಿದರೆ ಫಿಲ್ಟರು ತಾನೇ ಸ್ವರವಾಗಿ ಹಾಡತೊಡಗುತ್ತದೆ. ಆಗ ಕಟ್‌ಆಫಿನ ತಿರುಪನ್ನು ಪೆಟ್ಟಿನ ಆರಂಭದಲ್ಲಿ ಮೇಲಿಟ್ಟು ಕ್ಷಣಾರ್ಧದಲ್ಲಿ ಕೆಳಗಿಳಿಸುವಂತೆ ಏರ್ಪಡಿಸಿದರೆ, ಸಪ್ಪೆಯಾದ ರವವೂ ಸಹ ಒತ್ತಿ ಜಾರಿಸಿದ ತೊಗಲಿನಂತೆ ಗುಮ್ಮೆಂದು ಜಾರುತ್ತದೆ. ತಬಲಾವಾದಕ ಎಡದ ಬಾಯಾಂ ಮೇಲೆ ಅಂಗೈಯ ಬುಡವನ್ನು ಒತ್ತಿ ಸರಿಸುವಾಗ ಬರುವ ಗಮಕಕ್ಕೂ ಇದಕ್ಕೂ ಕಿವಿ ಬಹಳ ಭೇದವೆಣಿಸದು. ಇಂಥ ಫಿಲ್ಟರುಳ್ಳ ಮೂಗ್ ಯಂತ್ರವೊಂದು ನಮ್ಮ ದೇಶಕ್ಕೆ ಬಂದುದು 1969ರಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ನೆಲೆಗೊಳಿಸಿದಾಗ, ಗೀತಾ ಸಾರಾಭಾಯಿ, ಐ. ಎಸ್. ಮಾಥುರ್ ಮುಂತಾದವರು ಅದರ ಮೇಲೆ ಮಾಡಿದ ಪ್ರಯೋಗಗಳ ಟೇಪುಗಳು ದೀರ್ಘಕಾಲ ಕಪಾಟಿನಲ್ಲಿದ್ದು, ಅರ್ಧ ಶತಮಾನದ ತರುವಾಯ 2023ರಲ್ಲಿ ಸಾರ್ವಜನಿಕರ ಕಿವಿಗೆ ಬಿದ್ದುವು.

ಫಿಲ್ಟರು ಇದ್ದುದನ್ನು ಕಳೆಯುತ್ತದೆ. ತಾನೇ ಹಾಡತೊಡಗುವ ಆ ಅಂಚನ್ನು ಬಿಟ್ಟರೆ, ಇಲ್ಲದುದನ್ನು ಹುಟ್ಟಿಸುವುದು ಅದರಿಂದಾಗದು. ಆ ಕಾರ್ಯ ಡಿಸ್ಟಾರ್ಷನಿಗೆ ಮೀಸಲು. ಯಾವ ಆಂಪ್ಲಿಫೈಯರಾದರೂ ಒಂದು ಎತ್ತರದವರೆಗೆ ಮಾತ್ರ ಅಲೆಯನ್ನು ನಿಷ್ಠೆಯಿಂದ ಹಿರಿದಾಗಿಸಬಲ್ಲುದು. ಆಮೇಲೆ ಅಲೆಯ ನೆತ್ತಿ ಮಾಳಿಗೆಗೆ ತಾಗಿ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾದ ಅಲೆ ಈಗ ಮೊದಲಿನ ಒಂಟಿ ಸ್ವರವಲ್ಲ. 50 ಹರ್ಟ್ಝ್‌ನ ನುಣ್ಣನೆಯ ಅಲೆಯ ಮೇಲುಕೆಳಗುಗಳೆರಡನ್ನೂ ಸಮನಾಗಿ ಕತ್ತರಿಸಿದೆವೆನ್ನೋಣ. ಆಗ 150, 250, 350 ಹೀಗೆ ಬೆಸಸಂಖ್ಯೆಯ ಗುಣಕಗಳು ಅದರೊಳಗಿಂದ ಎದ್ದುಬರುತ್ತವೆ. ಪೂರ್ಣವಾಗಿ ಚೌಕವಾಗುವವರೆಗೆ ಕತ್ತರಿಸಿದರೆ ಅವುಗಳ ಬಲ ಮೂಲದ ಮೂರನೆಯ ಒಂದು, ಐದನೆಯ ಒಂದು, ಏಳನೆಯ ಒಂದು ಎಂಬ ಕ್ರಮದಲ್ಲಿರುತ್ತದೆ. ಮೇಲ್ಭಾಗವನ್ನು ಹೆಚ್ಚು, ಕೆಳಭಾಗವನ್ನು ಕಡಮೆ ಕತ್ತರಿಸಿದರೆ 100, 200 ಮೊದಲಾದ ಸರಿಗುಣಕಗಳೂ ಸೇರಿಕೊಂಡು ದನಿಗೆ ಬೇರೊಂದು ಬಿಸುಪು ಬರುತ್ತದೆ. ಹಳೆಯ ವಾಲ್ವು ರೇಡಿಯೋಗಳ ದನಿಯನ್ನು ಮೆಚ್ಚುವವರು ಮೆಚ್ಚುವುದು ಬಹುಮಟ್ಟಿಗೆ ಇದನ್ನೇ.

ಇದರಿಂದ ಪ್ರಯೋಜನವೇನೆಂದು ಕೇಳುವವರು ತಮ್ಮ ಜೇಬಿನ ಫೋನನ್ನು ತೆಗೆದು ನೋಡಬಹುದು. ಅದರ ಕಿರಿಯ ಸ್ಪೀಕರು 200 ಹರ್ಟ್ಝ್‌ಗಿಂತ ಕೆಳಗಿನ ದನಿಗಳನ್ನು ಬಹುಪಾಲು ನುಡಿಸಲಾರದು. ಶುದ್ಧವಾದ 50 ಹರ್ಟ್ಝ್‌ನ ಕಿಕ್ ಅದರಲ್ಲಿ ಹೆಸರಿಲ್ಲದೆ ಮಾಯವಾಗುತ್ತದೆ. ಆದರೆ ಅದೇ ಕಿಕ್ಕನ್ನು ತುಸು ಕತ್ತರಿಸಿ ವಿಕೃತಗೊಳಿಸಿದ್ದೇ ಆದರೆ 250, 350, 450ರ ಉಪಸ್ವರಗಳು ಫೋನಿನಲ್ಲಿಯೂ ಕೇಳಿಬರುತ್ತವೆ. ಅವುಗಳ ಪರಸ್ಪರ ಸಂಬಂಧವನ್ನು ಗ್ರಹಿಸಿದ ನಮ್ಮ ಮೆದುಳು, ಅವೆಲ್ಲಕ್ಕೂ ಮೂಲವಾದ 50 ಹರ್ಟ್ಝನ್ನು, ಅದು ಗಾಳಿಯಲ್ಲಿ ಇಲ್ಲವೇ ಇಲ್ಲದಿದ್ದರೂ, ತಾನೇ ಊಹಿಸಿಕೊಂಡು ಕೇಳಿಸುತ್ತದೆ. ಇರದ ಸ್ವರವನ್ನು ಕೇಳುವ ಈ ಶಕ್ತಿ ಮನುಷ್ಯನ ಶ್ರವಣದ ಅತ್ಯಂತ ವಿಸ್ಮಯಕರವಾದ ಸಂಗತಿಗಳಲ್ಲೊಂದು. ಧ್ವನಿಮುದ್ರಣ ಶಾಲೆಗಳಲ್ಲಿ ಕೆಲಸ ಮಾಡುವವರು ಅದನ್ನು ಅವಲಂಬಿಸಿಯೇ ಇಂದು ತಮ್ಮ ತಾಳದ ದನಿಗಳನ್ನು ರೂಪಿಸುತ್ತಿದ್ದಾರೆ.

ದೋಷವೇ ಗುಣವಾಗಿ ಪರಿಣಮಿಸಿದ ಚರಿತ್ರೆಯೂ ಇದಕ್ಕುಂಟು. ಅಮೆರಿಕದ ನ್ಯಾಶ್‌ವಿಲ್ ನಗರದ ಧ್ವನಿಮುದ್ರಣ ಶಾಲೆಯೊಂದರಲ್ಲಿ, 1960ರ ದಶಕ ತೊಡಗುವ ಹೊತ್ತಿನಲ್ಲಿ, ಉಪಕರಣದ ಒಂದು ಭಾಗ ಕೆಟ್ಟು ಗಿಟಾರಿನ ದನಿ ಬಿರುಕುಬಿಟ್ಟು ಮುದ್ರಿತವಾಯಿತು. ಅದನ್ನು ಕೇಳಿದವರು ಮೆಚ್ಚಿಕೊಂಡರು. 1962ರಲ್ಲಿ ಅಂಥ ಬಿರುಕನ್ನೇ ಬೇಕೆಂದಾಗ ಕೊಡುವ ಪೆಟ್ಟಿಗೆಯೊಂದು ಮಾರುಕಟ್ಟೆಗೆ ಬಂದಿತು. ಮುಂದೆ 1990ರ ದಶಕದ ಆದಿಯಲ್ಲಿ ಹಾಲೆಂಡಿನ ರಾಟರ್‌ಡಾಮ್ ನಗರದ ತರುಣರು, ರೋಲಂಡಿನ 1983ರ ಟಿಆರ್-909 ಯಂತ್ರದ ಕಿಕ್ಕನ್ನು ಮಿಕ್ಸರಿನ ಮಿತಿಯನ್ನು ಮೀರಿ ತುಂಬಿ, ಅದು ಸ್ವರವೋ ಸದ್ದೋ ಎಂದು ಗೊತ್ತಾಗದಂತೆ ಒಡೆದು, ಗ್ಯಾಬರ್ ಎಂಬ ಸಂಗೀತವನ್ನೇ ಕಟ್ಟಿದರು. ಅದು ಎಲ್ಲರಿಗೂ ರುಚಿಸಲಾರದು, ನನಗೂ ರುಚಿಸದು. ಆದರೆ ಪೆಟ್ಟೊಂದನ್ನು ರಾಗವಾಗುವವರೆಗೆ ಹಿಗ್ಗಿಸಬಹುದೆಂದು ತೋರಿಸಿದ ಸಾಹಸವನ್ನು ಅಲ್ಲಗಳೆಯಲಾಗದು.

ನಮ್ಮಲ್ಲಿ ಈ ಯಂತ್ರಗಳು ಕಾಲಿಟ್ಟ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮುಂಬಯಿಯ ಚಿತ್ರರಂಗದ ವಾದಕರಾಗಿದ್ದ ಚರಣ್‌ಜಿತ್ ಸಿಂಗರು 1982ರಲ್ಲಿ ಟಿಆರ್-808ನ್ನೂ, ಟಿಬಿ-303 ಎಂಬ ಮಂದ್ರಯಂತ್ರವನ್ನೂ ಕೂಡಿಸಿ ಹತ್ತು ರಾಗಗಳ ಧ್ವನಿತಟ್ಟೆಯೊಂದನ್ನು ಮುದ್ರಿಸಿದರು. ಆಗ ಯಾರೂ ಲಕ್ಷಿಸದಿದ್ದ ಆ ಕೃತಿ 2010ರಲ್ಲಿ ಮರುಪ್ರಕಟವಾದಾಗ ವಿದೇಶದ ಸಂಗೀತಜ್ಞರು ಬೆರಗಾದರು. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣರ ರಾಡೆಲ್ ಸಂಸ್ಥೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ತಾಳಮಾಲಾ ಎಂಬ ತಬಲಾಯಂತ್ರವನ್ನೂ ರಚಿಸಿ ಸಾವಿರಾರು ವಿದ್ಯಾರ್ಥಿಗಳ ಮನೆಗಳಿಗೆ ಒದಗಿಸಿತು.

ಪಣ್ಣೈಪುರದ ಇಳಯರಾಜರ ವಿಷಯವನ್ನು ಮಾತ್ರ ಇಷ್ಟು ಬೇಗ ಬಿಡಲಾಗದು. ಅಣ್ಣ ಪಾವಲರ್ ವರದರಾಜನ್ನರ ತಂಡದೊಡನೆ ಹದಿಹರೆಯದಲ್ಲಿಯೇ ಊರೂರು ಸುತ್ತಿ ಹಾಡಿದ ಅವರು, ಮದರಾಸಿಗೆ ಬಂದ ಮೇಲೆ ನಮ್ಮ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕರಾಗಿ ಅನೇಕಾನೇಕ ಕನ್ನಡ ಚಿತ್ರಗಳ ಸಂಗೀತದಲ್ಲಿ ಕೈಜೋಡಿಸಿದ್ದರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ. 1976ರ ಅನ್ನಕ್ಕಿಳಿ ಚಿತ್ರದಿಂದ ತಮಿಳಿನಲ್ಲಿ ಅವರು ಮೇಲೆದ್ದರು. ಕನ್ನಡಕ್ಕೆ 1981ರಲ್ಲಿ ಗೀತಾ, 1983ರಲ್ಲಿ ಪಲ್ಲವಿ ಅನುಪಲ್ಲವಿ ಚಿತ್ರಗಳ ಸಂಗೀತವನ್ನು ಕೊಟ್ಟರು. 1986ರ ಪುನ್ನಗೈ ಮನ್ನನ್ ಚಿತ್ರದಲ್ಲಿ ಕಂಪ್ಯೂಟರನ್ನೂ, ಸ್ವರಗಳ ಕ್ರಮವನ್ನು ನೆನಪಿಟ್ಟು ನುಡಿಸುವ ಸೀಕ್ವೆನ್ಸರನ್ನೂ ಬಳಸಿ, ಭಾರತೀಯ ಚಿತ್ರಸಂಗೀತದಲ್ಲಿ ಆ ಬಗೆಯ ಮೊತ್ತಮೊದಲ ಪ್ರಯತ್ನಗಳಲ್ಲೊಂದನ್ನು ಮಾಡಿದವರೂ ಅವರೇ. ಕಣಿವೆಯ ತೊಗಲಿನ ಮೊಳಗನ್ನು ಬಾಲ್ಯದಿಂದ ಕೇಳಿ ಬೆಳೆದ ಕಿವಿಯೊಂದು ಯಂತ್ರದ ತಾಳವನ್ನು ಎದುರುಗೊಂಡಾಗ, ಎರಡಕ್ಕೂ ಹಗೆತನವಿಲ್ಲದಂತೆ ನಡೆಸಿಕೊಂಡಿತೆಂಬುದನ್ನು ಆ ಕಾಲದ ಅವರ ಹಾಡುಗಳನ್ನು ಕೇಳಿದ ಯಾರಾದರೂ ಒಪ್ಪಿಯಾರು.

ಆ ಹಾಡುಗಳನ್ನು ಜನ ಕೇಳಿದುದಾದರೂ ಹೇಗೆ? ಬಹುಮಂದಿ ಕೇಳಿದುದು ಟೀ ಅಂಗಡಿಯ ಹಳೆಯ ರೇಡಿಯೋದಿಂದ, ಉತ್ಸವದ ಕಂಬಕ್ಕೆ ಕಟ್ಟಿದ ಕೊಳವೆ ಸ್ಪೀಕರಿನಿಂದ. ಆ ಲೋಹದ ಕೊಳವೆ ತಗ್ಗಿನ ದನಿಗಳನ್ನು ಹೊರಗೆ ಬಿಡದು. ಅದೊಂದು ಹೈ ಪಾಸ್ ಫಿಲ್ಟರು. ಅದಕ್ಕೆ ಬಲವನ್ನೂಡುವ ಆಂಪ್ಲಿಫೈಯರನ್ನು, ದೂರದ ಓಣಿಯವರಿಗೂ ಕೇಳಲೆಂಬ ಸದುದ್ದೇಶದಿಂದ, ಮಿತಿಮೀರಿ ತಿರುಗಿಸಿರುತ್ತಾರಾದುದರಿಂದ ಅಲೆಗಳ ನೆತ್ತಿ ಕತ್ತರಿಸಿಹೋಗಿರುತ್ತದೆ, ಅದು ಡಿಸ್ಟಾರ್ಷನ್. ಅಂದರೆ ಒಂದಿಡೀ ತಲೆಮಾರು ತನ್ನ ನೆಚ್ಚಿನ ತಾಳವನ್ನು ಶೋಧಿತವೂ ವಿಕೃತವೂ ಆದ ರೂಪದಲ್ಲಿಯೇ ಕೇಳಿ ಪ್ರೀತಿಸಿತು. ಇಂದಿನ ತರುಣನೊಬ್ಬ ತನ್ನ ಕಂಪ್ಯೂಟರಿನಲ್ಲಿ ಕಿಕ್ಕಿನ ಕೆಳಭಾಗವನ್ನು ಕತ್ತರಿಸಿ ಮೇಲೆ ಒರಟನ್ನು ಲೇಪಿಸುವಾಗ, ಆ ಕೊಳವೆಯ ದನಿಯ ನೆನಪೂ ಅವನ ಕೈಯನ್ನು ನಡೆಸುತ್ತಿದ್ದೀತು. ಹಾಗೆಂದು ಇಂದಿಗೂ ಉತ್ಸವಗಳಲ್ಲಿ ಗುಡ್ಡದಂತೆ ಪೇರಿಸಿದ ಸ್ಪೀಕರುಗಳನ್ನು ಒಡೆಯುವಂತೆ ಕೂಗಿಸಿ, ಎದುರಿಗೆ ಬೆವರಿಳಿಸಿ ನುಡಿಸುತ್ತಿರುವ ಉರುಮೆಯವನ ಶ್ರಮವನ್ನು ಮುಚ್ಚಿಬಿಡುವುದನ್ನು ನಾನು ಯಾವ ಕಾರಣದಿಂದಲೂ ಸಮರ್ಥಿಸಲಾರೆ. ಎಚ್ಚರವಿಲ್ಲದೆ ಬಂದ ವಿಕೃತಿ ಎಲ್ಲ ದನಿಗಳನ್ನೂ ಒಂದೇ ಕೆಸರಿನಲ್ಲಿ ಕಲಸುತ್ತದೆ. ಎಚ್ಚರದಿಂದ ಮಾಡಿದುದು ಒಂದೊಂದು ದನಿಗೂ ಅದರದೇ ಆದ ಮುಖವನ್ನು ಕೊಡುತ್ತದೆ.

ಈ ಎಚ್ಚರದ ಮೊದಲ ಪಾಠ ಕ್ರಮವನ್ನು ಕುರಿತದ್ದು. ಫಿಲ್ಟರು ಮೊದಲೋ ಡಿಸ್ಟಾರ್ಷನ್ ಮೊದಲೋ ಎಂಬುದು ಗೌಣವಾದ ಪ್ರಶ್ನೆಯಲ್ಲ. ತೊಗಲಿನ ದನಿಯಲ್ಲಿ 100 ಮತ್ತು 159 ಹರ್ಟ್ಝ್‌ಗಳು ಜೊತೆಯಾಗಿ ಇವೆಯೆನ್ನೋಣ. ಇವನ್ನು ಹಾಗೆಯೇ ವಿಕೃತಗೊಳಿಸಿದರೆ ಪ್ರತಿಯೊಂದರ ಗುಣಕಗಳು ಹುಟ್ಟುವುದಷ್ಟೇ ಅಲ್ಲದೆ, ಅವೆರಡೂ ಪರಸ್ಪರ ಸೇರಿ ಕಳೆದು 41, 59, 218, 259 ಮುಂತಾದ, ಯಾವ ಸ್ವರಕ್ಕೂ ಸೇರದ ದನಿಗಳೂ ಹುಟ್ಟಿಕೊಳ್ಳುತ್ತವೆ. ಉರುಮೆಯಂಥ ಕೋಪದ ದನಿ ಬೇಕಾದಾಗ ಇದು ಅಪೇಕ್ಷಣೀಯವೇ. ಸ್ವಚ್ಛವೂ ಗಟ್ಟಿಯೂ ಆದ ದನಿ ಬೇಕಾದರೆ ಮೊದಲು ಲೋ ಪಾಸ್ ಫಿಲ್ಟರಿನಿಂದ 159ನ್ನು ತಗ್ಗಿಸಿ, ಉಳಿದ 100ನ್ನು ಮಾತ್ರ ವಿಕೃತಗೊಳಿಸತಕ್ಕದ್ದು. ಆಗ ಹುಟ್ಟುವುವೆಲ್ಲ ಬಹುಮಟ್ಟಿಗೆ 100ರ ಬಂಧುಗಳೇ. ಇನ್ನು ವಿಕೃತಿಯ ತರುವಾಯ ಫಿಲ್ಟರನ್ನಿಟ್ಟರೆ, ಹುಟ್ಟಿದ ಉಪಸ್ವರಗಳಲ್ಲಿ ಕಿವಿಯನ್ನು ಇರಿಯುವ ಮೇಲಿನವನ್ನು ಮೊಂಡಾಗಿಸಿ, ನಡುವಿನ ಪುಷ್ಟಿಯನ್ನು ಉಳಿಸಿಕೊಳ್ಳಬಹುದು. ಅನುಭವಿಗಳು ಮುಂದೊಂದು ಹಿಂದೊಂದು ಎರಡು ಫಿಲ್ಟರುಗಳನ್ನಿಟ್ಟು ನಡುವೆ ವಿಕೃತಿಯನ್ನು ಇಟ್ಟುಕೊಳ್ಳುವುದೇ ರೂಢಿ.

ಕಂಪ್ಯೂಟರಿನಲ್ಲಿ ಈ ಕೆಲಸವನ್ನು ಮಾಡುವವರಿಗೆ ಇನ್ನೊಂದು ಅಪಾಯವಿದೆ. ಸೆಕೆಂಡಿಗೆ 44,100 ಬಾರಿ ಅಲೆಯನ್ನು ಅಳೆಯುವ ಪದ್ಧತಿಯಲ್ಲಿ 22,050 ಹರ್ಟ್ಝ್‌ಗಿಂತ ಮೇಲಿನ ಯಾವುದಕ್ಕೂ ಸ್ಥಳವಿಲ್ಲ. ಡಿಸ್ಟಾರ್ಷನ್ನಿನಿಂದ ಅದಕ್ಕೂ ಮೇಲಿನ ಉಪಸ್ವರಗಳು ಹುಟ್ಟಿದಾಗ ಅವು ಅಳಿಯದೆ, ಕನ್ನಡಿಗೆ ತಾಗಿದಂತೆ ಕೆಳಕ್ಕೆ ಮಡಚಿಕೊಂಡು ಬಂದು, ಮೂಲಕ್ಕೆ ಸಂಬಂಧವೇ ಇಲ್ಲದ ಕೀರಲಾಗಿ ಕೇಳಿಸುತ್ತವೆ. ಲೆಕ್ಕವನ್ನು ತಾತ್ಕಾಲಿಕವಾಗಿ ನಾಲ್ಕುಮಡಿ ಎಂಟುಮಡಿ ವೇಗದಲ್ಲಿ ನಡೆಸಿ, ಮೇಲಿನದನ್ನು ಶೋಧಿಸಿ, ಬಳಿಕ ಹಿಂದಿನ ವೇಗಕ್ಕೆ ಇಳಿಸುವುದು ಇದಕ್ಕೆ ಪರಿಹಾರ. ಓವರ್‌ಸ್ಯಾಂಪ್ಲಿಂಗ್ ಎಂಬ ಗುಂಡಿಯನ್ನು ಒತ್ತಿದರೆ ಈಗಿನ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ. ಆದರೆ ಈ ಕೀರಲನ್ನೂ ಬೇಕೆಂದು ಬಯಸಿದವರುಂಟು: 1987ರ ಎಸ್‌ಪಿ-1200 ಎಂಬ ಯಂತ್ರ 12 ಬಿಟ್‌ಗಳಲ್ಲಿ, ಸೆಕೆಂಡಿಗೆ ಸುಮಾರು 26,000 ಅಳತೆಗಳಲ್ಲಿ ಮಾತ್ರ ದನಿಯನ್ನು ಹಿಡಿಯುತ್ತಿದ್ದುದರಿಂದ ಉಂಟಾದ ಮರಳು ಮರಳಾದ ಗುಣಕ್ಕಾಗಿಯೇ ಅದನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಕಣಿವೆಯ ತರುಣರಲ್ಲಿ ಯಾರಾದರೂ ಉರುಮೆಯ ದನಿಯನ್ನು ಮುದ್ರಿಸಿಕೊಂಡು ಅದರಿಂದ ಹೊಸ ತಾಳವನ್ನು ಕಟ್ಟಬಯಸಿದರೆ, ನಾನು ಸೂಚಿಸುವ ಮಾರ್ಗ ಇದು. ಮೂಲದ ದನಿಯನ್ನು ಎರಡು ಕವಲಾಗಿ ಒಡೆಯಬೇಕು. ಮೊದಲನೆಯ ಕವಲನ್ನು ಮುಟ್ಟಲಾಗದು. ಉಜ್ಜುಕೋಲಿನ ಸಹಜವಾದ ಒರಟು, ಸ್ವರ ಏರಿ ಇಳಿಯುವ ಆ ಜಾರು, ಕಡ್ಡಿಯ ಪೆಟ್ಟಿನ ಚುರುಕು, ಎಲ್ಲವೂ ಅದರಲ್ಲಿ ಅಖಂಡವಾಗಿರಲಿ. ಎರಡನೆಯ ಕವಲಿನಲ್ಲಿ ಬ್ಯಾಂಡ್ ಪಾಸ್ ಫಿಲ್ಟರಿನಿಂದ ನಡುಭಾಗವನ್ನು ಮಾತ್ರ ಆರಿಸಿಕೊಂಡು, ಬಲವಾಗಿ ವಿಕೃತಗೊಳಿಸಿ, ಮತ್ತೊಮ್ಮೆ ಲೋ ಪಾಸ್ ಫಿಲ್ಟರಿನಿಂದ ಅಂಚನ್ನು ಸವರಿ, ಮೊದಲನೆಯದರ ಕೆಳಗೆ ಅಲ್ಪವಾಗಿ ಬೆರೆಸಬೇಕು. ಮುಟ್ಟದ ಕವಲಿನಿಂದ ವಾದ್ಯದ ಪ್ರಾಣವೂ, ರೂಪಿಸಿದ ಕವಲಿನಿಂದ ಅದರ ಬಲವೂ ಬರುತ್ತವೆ. ಉರುಮೆ ಸ್ವಭಾವತಃ ಉಪಸ್ವರಗಳಿಂದ ತುಂಬಿದ ವಾದ್ಯವಾದುದರಿಂದ ಸಪ್ಪೆಯಾದ 808ರ ಕಿಕ್ಕಿಗೆ ಬೇಕಾದ ವಿಕೃತಿಯ ಅರೆಪಾಲೂ ಇದಕ್ಕೆ ಬೇಡವಾದೀತು. ಬೆರೆಸಿದ ಪ್ರಮಾಣ ಸರಿಯೇ ಎಂದು ನಿರ್ಣಯಿಸುವ ಮುನ್ನ ಬೆರೆಸಿದುದನ್ನೂ ಬೆರೆಸದುದನ್ನೂ ಒಂದೇ ಗಟ್ಟಿತನಕ್ಕೆ ತಂದುಕೊಂಡು, ಒಮ್ಮೆ ದೊಡ್ಡ ಸ್ಪೀಕರಿನಲ್ಲಿಯೂ ಒಮ್ಮೆ ಫೋನಿನಲ್ಲಿಯೂ ಹೋಲಿಸಿ ಕೇಳತಕ್ಕದ್ದು. ಗಟ್ಟಿಯಾಗಿ ಕೇಳಿದುದನ್ನೇ ಉತ್ತಮವೆಂದು ಎಣಿಸುವುದು ಕಿವಿಯ ಸ್ವಭಾವವಾದುದರಿಂದಲೂ, ಡಿಸ್ಟಾರ್ಷನ್ ತಾನು ಸೇರಿದ ದನಿಯನ್ನೆಲ್ಲ ಗಟ್ಟಿಯಾಗಿಸಿಯೇ ತೋರಿಸುವುದರಿಂದಲೂ, ಈ ಸಮೀಕರಣವನ್ನು ಮಾಡದೆ ಕೊಟ್ಟ ತೀರ್ಪನ್ನು ಮಾರನೆಯ ದಿನ ಬೆಳಗ್ಗೆ ಮತ್ತೆ ತಿದ್ದಬೇಕಾಗಿ ಬರುತ್ತದೆ.